ಮೊದಲ ಎರರ್ ಎಲ್ಲಿದೆ? ಲಿನಕ್ಸ್‌ನಲ್ಲಿ ಬಿಲ್ಡ್ ಮುರಿದಾಗ ನೋಡಬೇಕಾದ್ದು

ಬಿಲ್ಡ್, ಅಂದರೆ ಬರೆದಿಟ್ಟ ಸೋರ್ಸ್ ಕೋಡನ್ನು ಓಡುವ ತಂತ್ರಾಂಶವಾಗಿ ಕಟ್ಟುವ ಕೆಲಸ, ನಿಂತುಹೋದಾಗ ಕಣ್ಣು ಹೋಗುವುದು ಪರದೆಯ ಕೊನೆಯ ಸಾಲಿಗೆ. ಅಲ್ಲಿ ‘ಮೇಕ್: *** ಎರರ್ 2’ ಎಂದಿರುತ್ತದೆ. ಅದನ್ನೇ ಫೋಟೊ ಹೊಡೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ‘ಇದಕ್ಕೇನು ಮಾಡುವುದು?’ ಎಂದು ಕೇಳುವವರು ಸುರತ್ಕಲ್‌ನಿಂದ ಮಣಿಪಾಲದವರೆಗೆ ಪ್ರತಿ ಸೆಮಿಸ್ಟರ್‌ನಲ್ಲೂ ಇರುತ್ತಾರೆ. ಯಾರಿಂದಲೂ ಸರಿಯಾದ ಉತ್ತರ ಬರುವುದಿಲ್ಲ, ಏಕೆಂದರೆ ಆ ಸಾಲಿನಲ್ಲಿ ಹಿಡಿದುಕೊಳ್ಳುವಂಥದ್ದು ಏನೂ ಇಲ್ಲ. ಒಳಗೆ ಏನೋ ಕೆಟ್ಟಿತು, ಆದ್ದರಿಂದ ನಾನೂ ಕೆಲಸ ನಿಲ್ಲಿಸಿದೆ ಎಂದು ಬಿಲ್ಡ್ ನಡೆಸುವ ‘ಮೇಕ್’ ಎಂಬ ಸಾಧನ ತಿಳಿಸುತ್ತಿದೆ, ಅಷ್ಟೆ. ಏನು ಕೆಟ್ಟಿತು ಎಂಬುದು ಅದಕ್ಕಿಂತ ಎಷ್ಟೋ ಸಾಲು ಮೇಲೆ ಬರೆದಿರುತ್ತದೆ.

ಆ ಸಾಲನ್ನು ಹುಡುಕುವುದು ಹೇಗೆ, ಸಿಕ್ಕಮೇಲೆ ಅದು ಯಾವ ಹಂತದ ತೊಂದರೆ ಎಂದು ಗುರುತಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಉದಾಹರಣೆಗೆ ಟೆಸರಾಕ್ಟ್ ತೆಗೆದುಕೊಳ್ಳೋಣ. ಸ್ಕ್ಯಾನ್ ಮಾಡಿದ ಪುಟದ ಚಿತ್ರವನ್ನು ಓದಿ ಅಕ್ಷರಗಳಾಗಿ ಬಿಡಿಸಿಕೊಡುವ ತಂತ್ರಾಂಶ ಅದು. 1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಶುರುವಾಗಿ, 2005ರಲ್ಲಿ ಮುಕ್ತ ತಂತ್ರಾಂಶವಾಯಿತು. ಕನ್ನಡವನ್ನೂ ಓದುತ್ತದೆ. ಕರಾವಳಿಗೆ ಇದರ ಅಗತ್ಯ ಬಹಳ ಇದೆ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಇಲ್ಲಿಂದ, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಹಳೆಯ ಯಕ್ಷಗಾನ ಪ್ರಸಂಗದ ಪುಸ್ತಕಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತಿವೆ. ಅವನ್ನು ಸ್ಕ್ಯಾನ್ ಮಾಡಿ ಹುಡುಕಬಲ್ಲ ಪಠ್ಯವಾಗಿಸುವುದು ಸಣ್ಣ ಕೆಲಸವಲ್ಲ.

ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದೆ, ಪಕ್ಕದಲ್ಲಿ ಕೂತವರಿಗೆ ಬಾಯಲ್ಲಿ ಹೇಳಿ ಬರೆಸುವ ಹಾಗೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ. ಲಿನಕ್ಸ್‌ಗೆ ದೊಡ್ಡಕ್ಷರ ಮತ್ತು ಸಣ್ಣಕ್ಷರ ಬೇರೆ ಬೇರೆ, ‘ಮೇಕ್’ ಓದುವ ಸೂಚನೆಗಳ ಫೈಲಾದ ಮೇಕ್‌ಫೈಲ್‌ನ ಮೊದಲ ಅಕ್ಷರದಿಂದ ಹಿಡಿದು ಎಲ್ಲ ಕಡೆಗೂ ಇದು ಅನ್ವಯಿಸುತ್ತದೆ.

ಮೊದಲು ಟರ್ಮಿನಲ್‌ನಲ್ಲಿ ಕೈ ಕೂರಲಿ

ಎಲ್ಲಿದ್ದೇವೆ ಎಂದು ತಿಳಿಯಲು ‘ಪಿಡಬ್ಲ್ಯುಡಿ’, ಇಲ್ಲಿ ಏನೇನಿದೆ ಎಂದು ನೋಡಲು ‘ಎಲ್‌ಎಸ್ -ಎಲ್’, ಬೇರೆ ಫೋಲ್ಡರ್‌ಗೆ ಹೋಗಲು ‘ಸಿಡಿ’, ಹಿಂದೆ ಇದ್ದ ಜಾಗಕ್ಕೇ ಮರಳಲು ‘ಸಿಡಿ -’. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಹೆಚ್ಚಿನವರು ಬಳಸದೆ ಬಿಡುವುದು ಟ್ಯಾಬ್ ಕೀಲಿಯನ್ನು. ಹೆಸರಿನ ಮೊದಲ ಎರಡು ಮೂರು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಶೆಲ್ (ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್ ಓದಿ ಓಡಿಸುವ ಕಾರ್ಯಕ್ರಮ) ತುಂಬುತ್ತದೆ. ತುಂಬಲಿಲ್ಲ ಎಂದರೆ ಒಂದೋ ಆ ಹೆಸರಿನ ಫೈಲ್ ಅಲ್ಲಿಲ್ಲ, ಇಲ್ಲವೇ ಒಂದೇ ಥರ ಶುರುವಾಗುವ ಹಲವು ಫೈಲುಗಳಿವೆ. ಟೈಪಿಂಗ್ ಉಳಿತಾಯಕ್ಕಿಂತ ತಪ್ಪು ಹೆಸರನ್ನು ಅಲ್ಲೇ ಹಿಡಿಯುವುದು ಟ್ಯಾಬಿನ ದೊಡ್ಡ ಉಪಕಾರ.

ಹಿಂದೆ ಕೊಟ್ಟ ಕಮಾಂಡ್ ಮತ್ತೆ ಬೇಕಾದರೆ ಮೇಲ್ಬಾಣವನ್ನು ಐವತ್ತು ಸಲ ಒತ್ತಬೇಕಾಗಿಲ್ಲ. ಕಂಟ್ರೋಲ್ ಮತ್ತು ಆರ್ ಒತ್ತಿ, ಆ ಕಮಾಂಡಿನ ಒಂದು ತುಂಡನ್ನು ಹೊಡೆದರೆ ಸಿಗುತ್ತದೆ. ಕಂಟ್ರೋಲ್ ಮತ್ತು ಸಿ ಟರ್ಮಿನಲ್‌ನಲ್ಲಿ ಕಾಪಿ ಮಾಡುವುದಿಲ್ಲ, ಓಡುತ್ತಿರುವ ಕೆಲಸವನ್ನು ನಿಲ್ಲಿಸುತ್ತದೆ. ಕಾಪಿಗೆ ಜೊತೆಯಲ್ಲಿ ಶಿಫ್ಟ್ ಕೂಡ ಒತ್ತಬೇಕು. ಎರರ್ ಕಾಪಿ ಮಾಡಲು ಹೋಗಿ ಅರ್ಧ ಗಂಟೆಯಿಂದ ಓಡುತ್ತಿದ್ದ ಬಿಲ್ಡ್ ನಿಲ್ಲುವುದು ಹೀಗೆಯೇ.

‘ಆರ್‌ಎಂ’ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋಯಿತು. ನಕ್ಷತ್ರ ಚಿಹ್ನೆ ಬಳಸಿ ಅಳಿಸುವ ಮುಂಚೆ ಅದೇ ಸಾಲನ್ನು ‘ಆರ್‌ಎಂ’ ಬದಲು ‘ಎಲ್‌ಎಸ್’ ಹಾಕಿ ಒಮ್ಮೆ ಓಡಿಸಿ, ಯಾವ ಯಾವ ಫೈಲ್ ಹೋಗಲಿದೆ ಎಂದು ಕಾಣುತ್ತದೆ.

ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಬೇಡ. ಶೆಲ್ ಸ್ಪೇಸ್ ಕಂಡಲ್ಲಿ ಪದ ಮುಗಿಯಿತು ಎಂದುಕೊಳ್ಳುತ್ತದೆ. ನೀವು ಉದ್ಧರಣ ಚಿಹ್ನೆ ಹಾಕಿ ಎಚ್ಚರ ವಹಿಸಿದರೂ ಬೇರೆಯವರು ಬರೆದ ಬಿಲ್ಡ್ ಸ್ಕ್ರಿಪ್ಟ್ ವಹಿಸಿರುವುದಿಲ್ಲ. ‘ಫೈನಲ್ ಇಯರ್ ಪ್ರಾಜೆಕ್ಟ್’ ಎಂಬ ಫೋಲ್ಡರ್‌ನಲ್ಲಿ ಮುರಿಯುವ ಬಿಲ್ಡ್, ನಡುವೆ ಅಡ್ಡಗೆರೆ ಹಾಕಿದ ಹೆಸರಿನ ಫೋಲ್ಡರ್‌ನಲ್ಲಿ ತೊಂದರೆಯಿಲ್ಲದೆ ಮುಗಿಯುವುದುಂಟು.

ಹಾಗೆಯೇ ಪೆನ್‌ಡ್ರೈವ್‌ನಲ್ಲಿ ಬಿಲ್ಡ್ ಮಾಡಬೇಡಿ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಮಾದರಿಯವು. ಲಿನಕ್ಸ್‌ನ ಅನುಮತಿಗಳನ್ನಾಗಲಿ ಸಿಂಬಾಲಿಕ್ ಲಿಂಕ್‌ಗಳನ್ನಾಗಲಿ (ಬೇರೆ ಫೈಲಿಗೆ ದಾರಿ ತೋರುವ ಫೈಲುಗಳು) ಅವು ಇಟ್ಟುಕೊಳ್ಳಲಾರವು. ‘ಸಿಎಚ್‌ಮಾಡ್ +ಎಕ್ಸ್’ ಕೊಟ್ಟರೆ ಎರರ್ ಬರದೆ ಇರಬಹುದು, ಆದರೂ ಸ್ಕ್ರಿಪ್ಟ್ ‘ಪರ್ಮಿಶನ್ ಡಿನೈಡ್’ ಎಂದೇ ಹೇಳುತ್ತದೆ. ಸೋರ್ಸ್ ಫೋಲ್ಡರನ್ನು ನಿಮ್ಮ ಹೋಮ್ ಫೋಲ್ಡರ್‌ಗೆ ನಕಲು ಮಾಡಿಕೊಂಡು ಅಲ್ಲಿಂದ ಶುರು ಮಾಡಿ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಬಳಸುವವರಿಗೂ ಇದೇ ಮಾತು. ಸಿ ಡ್ರೈವ್‌ನ ಫೋಲ್ಡರ್‌ನಲ್ಲಿ ಬಿಲ್ಡ್ ತೀರಾ ನಿಧಾನ, ಲಿನಕ್ಸ್ ಕಡೆಯ ಹೋಮ್ ಫೋಲ್ಡರ್‌ನಲ್ಲಿ ವೇಗ.

ಬಿಲ್ಡ್ ನಿಜಕ್ಕೂ ಬೇಕೇ?

ಉಬುಂಟು ಅಥವಾ ಡೆಬಿಯನ್‌ನಲ್ಲಿ ‘ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಟೆಸರಾಕ್ಟ್-ಓಸಿಆರ್ ಟೆಸರಾಕ್ಟ್-ಓಸಿಆರ್-ಕೆಎಎನ್’ ಎಂಬ ಒಂದೇ ಸಾಲಿನಲ್ಲಿ ಟೆಸರಾಕ್ಟ್ ಮತ್ತು ಅದರ ಕನ್ನಡ ದತ್ತಾಂಶ ಎರಡೂ ಬರುತ್ತವೆ. ಪುಟ ಓದಿಸುವುದಷ್ಟೇ ಗುರಿಯಾದರೆ ಅಲ್ಲಿಗೇ ನಿಲ್ಲಿಸಿ. ಹೊಸ ಆವೃತ್ತಿಯೇ ಬೇಕು, ಕೋಡ್ ತಿದ್ದಬೇಕು, ಹಳೆಯ ಅಚ್ಚಿನ ಮೊಳೆಗಳಿಗೆ ತರಬೇತಿ ಕೊಡುವ ಸಾಧನಗಳನ್ನು ಬೇಕಾದಂತೆ ಕಟ್ಟಿಕೊಳ್ಳಬೇಕು ಎಂಬ ಕಾರಣವಿದ್ದರೆ ಮಾತ್ರ ಸೋರ್ಸ್‌ನಿಂದ ಬಿಲ್ಡ್ ಮಾಡಿ.

ಸೋರ್ಸ್ ತರಿಸುವಾಗ ‘ಗಿಟ್ ಕ್ಲೋನ್ --ಡೆಪ್ತ್ 1’ ಎಂದು ಕೊಡಿ. ಹಳೆಯ ಇತಿಹಾಸವನ್ನು ಬಿಟ್ಟು ಇಂದಿನ ಪ್ರತಿ ಮಾತ್ರ ಬರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರ ಡೇಟಾ ಉಳಿಯುತ್ತದೆ.

ಬೇಕಾದ ಸಾಮಾನು ಮೊದಲೇ ತಂದಿಟ್ಟುಕೊಳ್ಳೋಣ. ‘ಬಿಲ್ಡ್-ಎಸೆನ್ಶಿಯಲ್’ ಎಂಬ ಪ್ಯಾಕೇಜ್‌ನಲ್ಲಿ ಸಿ ಮತ್ತು ಸಿ++ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ), ಮೇಕ್ ಎಲ್ಲ ಇವೆ. ಟೆಸರಾಕ್ಟ್‌ಗೆ ಅದರ ಮೇಲೆ ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್, ಆಟೋಕಾನ್ಫ್-ಆರ್ಕೈವ್, ಪಿಕೆಜಿ-ಕಾನ್ಫಿಗ್, ಹಾಗೂ ಚಿತ್ರಗಳನ್ನು ನಿಭಾಯಿಸುವ ಲಿಬ್‌ಲೆಪ್ಟಾನಿಕಾ-ಡೆವ್ ಬೇಕು. ಟೆಸರಾಕ್ಟ್‌ನ 5ನೇ ಆವೃತ್ತಿಗೆ ಸಿ++17 ಗೊತ್ತಿರುವ ಕಂಪೈಲರ್ ಬೇಕು. ಲ್ಯಾಬಿನ ಹಳೆಯ ಕಂಪ್ಯೂಟರ್‌ಗಳಲ್ಲಿ ಉಳಿದಿರುವ ಹಳೆಯ ಉಬುಂಟು ಇಲ್ಲೇ ಸೋಲುತ್ತದೆ. ‘ಜಿ++ --ವರ್ಶನ್’ ಕೊಟ್ಟು ಮೊದಲೇ ನೋಡಿಕೊಳ್ಳಿ.

ಆಮೇಲಿನ ಕ್ರಮ ಹೀಗೆ: ‘./ಆಟೋಜೆನ್.ಎಸ್‌ಎಚ್’, ‘./ಕಾನ್ಫಿಗರ್’, ‘ಮೇಕ್’, ‘ಸುಡೊ ಮೇಕ್ ಇನ್‌ಸ್ಟಾಲ್’, ‘ಸುಡೊ ಎಲ್‌ಡಿಕಾನ್ಫಿಗ್’. ಮುಂದಿನ ಚುಕ್ಕಿ ಮತ್ತು ಓರೆಗೆರೆಯನ್ನು ಬಿಡಬಾರದು. ಬರೀ ಹೆಸರು ಕೊಟ್ಟರೆ ಶೆಲ್ ಅದನ್ನು ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳಲ್ಲಿ ಮಾತ್ರ ಹುಡುಕುತ್ತದೆ, ನೀವಿರುವ ಫೋಲ್ಡರ್ ಆ ಪಟ್ಟಿಯಲ್ಲಿ ಇರುವುದಿಲ್ಲ. ‘ಇಲ್ಲೇ ಇರುವುದನ್ನು ಓಡಿಸು’ ಎಂದು ಹೇಳುವುದು ಆ ಎರಡು ಚಿಹ್ನೆಗಳ ಕೆಲಸ.

ಕಮಾಂಡನ್ನು ರೂಟ್‌ನ, ಅಂದರೆ ಕಂಪ್ಯೂಟರಿನ ಆಡಳಿತಗಾರನ, ಅಧಿಕಾರದಲ್ಲಿ ಓಡಿಸುವ ಸುಡೊ ಬೇಕಾದದ್ದು ಕೊನೆಯ ಎರಡಕ್ಕೆ ಮಾತ್ರ. ‘ಪರ್ಮಿಶನ್ ಡಿನೈಡ್’ ಕಂಡ ಕೂಡಲೇ ‘ಸುಡೊ ಮೇಕ್’ ಕೊಡುವ ಅಭ್ಯಾಸದಿಂದ ಆಗುವ ಹಾನಿ ತಡವಾಗಿ ಗೊತ್ತಾಗುತ್ತದೆ. ಆ ಸಲ ಹುಟ್ಟಿದ ಫೈಲುಗಳೆಲ್ಲ ರೂಟ್‌ನ ಹೆಸರಿನಲ್ಲಿರುತ್ತವೆ, ಮರುದಿನ ಸಾಮಾನ್ಯ ‘ಮೇಕ್’ ಅವನ್ನು ಮುಟ್ಟಲಾಗದೆ ಸೋಲುತ್ತದೆ, ಆಗ ಮತ್ತೆ ಸುಡೊ. ಈಗಾಗಲೇ ಹಾಗಾಗಿದ್ದರೆ ‘ಸುಡೊ ಸಿಎಚ್‌ಓನ್ -ಆರ್ $ಯೂಸರ್ .’ ಎಂದು ಫೋಲ್ಡರನ್ನು ಮರಳಿ ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಇಲ್ಲಿ ಆರ್ ಮತ್ತು ಯೂಸರ್ ದೊಡ್ಡಕ್ಷರ, ಕೊನೆಯ ಚುಕ್ಕಿ ಎಂದರೆ ಈಗಿರುವ ಫೋಲ್ಡರ್. ಸೋರ್ಸ್ ಫೋಲ್ಡರ್ ಒಳಗೆ ಇದ್ದೀರಾ ಎಂದು ‘ಪಿಡಬ್ಲ್ಯುಡಿ’ ಕೊಟ್ಟು ನೋಡಿಕೊಂಡೇ ಇದನ್ನು ಓಡಿಸಬೇಕು.

ಮೊದಲ ಎರರ್ ಹಿಡಿಯುವ ಬಗೆ

ಒಂದು ಎರರ್ ಹತ್ತು ಎರರ್‌ಗಳನ್ನು ಹುಟ್ಟಿಸುತ್ತದೆ. ಒಂದು ಹೆಡರ್ ಫೈಲ್ ಸಿಗದಿದ್ದರೆ ಅದರಲ್ಲಿ ಹೇಳಿದ್ದ ಹೆಸರುಗಳು ಯಾವುವೂ ಕಂಪೈಲರ್‌ಗೆ ಗೊತ್ತಿರುವುದಿಲ್ಲ. ಒಂದು ಅರ್ಧವಿರಾಮ ಬಿಟ್ಟುಹೋದರೆ ಮುಂದಿನ ಸಾಲುಗಳೆಲ್ಲ ಅದಕ್ಕೆ ತಪ್ಪಾಗಿಯೇ ಕಾಣುತ್ತವೆ. ಹಾಗಾಗಿ ಮೊದಲನೆಯದನ್ನು ಸರಿಪಡಿಸಿ ಮತ್ತೆ ಓಡಿಸಬೇಕು. ಉಳಿದವುಗಳಲ್ಲಿ ಬಹಳಷ್ಟು ತಾವಾಗಿ ಮಾಯವಾಗುತ್ತವೆ.

ಎಲ್ಲಕ್ಕಿಂತ ಸುಲಭದ ಉಪಾಯ: ಏನನ್ನೂ ಬದಲಿಸದೆ ಬರೀ ‘ಮೇಕ್’ ಎಂದು ಇನ್ನೊಮ್ಮೆ ಓಡಿಸಿ. ಮೊದಲ ಸಲ ‘ಮೇಕ್ -ಜೆ8’ ಎಂದು ಕೊಟ್ಟಿದ್ದರೆ ಎಂಟು ಕೆಲಸಗಳು ಒಟ್ಟಿಗೆ ನಡೆದು ಅವುಗಳ ಮಾತೆಲ್ಲ ಕಲಸಿಹೋಗಿರುತ್ತದೆ, ಒಂದು ಕೆಟ್ಟಮೇಲೂ ಉಳಿದ ಏಳು ಮಾತಾಡುತ್ತಲೇ ಇರುತ್ತವೆ. ಎರಡನೇ ಸಲ ಆಗಿಹೋದ ಫೈಲುಗಳನ್ನು ‘ಮೇಕ್’ ಮತ್ತೆ ಮುಟ್ಟುವುದಿಲ್ಲ, ಉಳಿದದ್ದನ್ನು ಒಂದೊಂದಾಗಿ ತೆಗೆದುಕೊಂಡು ಕೆಟ್ಟ ಫೈಲಿನ ಹತ್ತಿರ ಬಂದು ನಿಲ್ಲುತ್ತದೆ. ಆಗ ಕೊನೆಯ ಸಾಲಿನ ಸ್ವಲ್ಪ ಮೇಲೆಯೇ ಕಾರಣ ಕಾಣುತ್ತದೆ.

ದಾಖಲೆ ಬೇಕಾದರೆ ‘ಎಲ್‌ಸಿ_ಆಲ್=ಸಿ ಮೇಕ್ 2>&1 | ಟೀ ದಾಖಲೆ.ಲಾಗ್’ ಎಂದು ಓಡಿಸಿ. ಲಿನಕ್ಸ್‌ನಲ್ಲಿ ಸಾಮಾನ್ಯ ಮಾತು ಒಂದು ಕಾಲುವೆಯಲ್ಲಿ, ಎರರ್ ಇನ್ನೊಂದು ಕಾಲುವೆಯಲ್ಲಿ ಹರಿಯುತ್ತದೆ. ‘2>&1’ ಎಂದರೆ ಎರಡನೆಯದನ್ನು ಒಂದನೆಯದಕ್ಕೆ ಸೇರಿಸು ಎಂದು. ಇದನ್ನು ಬಿಟ್ಟರೆ ಲಾಗ್ ಫೈಲಿನಲ್ಲಿ ಎಲ್ಲವೂ ಇದ್ದು ಎರರ್ ಮಾತ್ರ ಇರುವುದಿಲ್ಲ. ‘ಟೀ’ ಪರದೆಗೂ ಫೈಲಿಗೂ ಎರಡೂ ಕಡೆ ಬರೆಯುತ್ತದೆ. ಮುಂದಿನ ‘ಎಲ್‌ಸಿ_ಆಲ್=ಸಿ’ ಪೂರ್ತಿ ದೊಡ್ಡಕ್ಷರ. ನಿಮ್ಮ ವ್ಯವಸ್ಥೆ ಯಾವ ಭಾಷೆಯಲ್ಲಿದ್ದರೂ ಎರರ್‌ಗಳನ್ನು ಮೂಲ ಇಂಗ್ಲಿಷ್‌ನಲ್ಲೇ ತೋರಿಸುತ್ತದೆ, ಅಂತರ್ಜಾಲದಲ್ಲಿ ಹುಡುಕಲು ಅದೇ ಬೇಕು.

ಆಮೇಲೆ ‘ಗ್ರೆಪ್ -ಎನ್ "ಎರರ್:" ದಾಖಲೆ.ಲಾಗ್ | ಹೆಡ್’ ಕೊಡಿ. ಎರರ್ ಎಂಬ ಪದದ ಜೊತೆ ಕೋಲನ್ ಚಿಹ್ನೆಯನ್ನೂ ಸೇರಿಸಿ ಹುಡುಕಬೇಕು, ಇಲ್ಲದಿದ್ದರೆ ಹೆಸರಿನಲ್ಲೇ ‘ಎರರ್’ ಇರುವ ಫೈಲುಗಳು, ಕಂಪೈಲರ್‌ಗೆ ಕೊಟ್ಟ ಆಯ್ಕೆಗಳು ಎಲ್ಲ ಬಂದು ಸೇರುತ್ತವೆ. ಸಿಕ್ಕ ಮೊದಲ ಸಾಲಿನ ಸಂಖ್ಯೆ ಹಿಡಿದು ‘ಲೆಸ್ ದಾಖಲೆ.ಲಾಗ್’ ತೆರೆಯಿರಿ, ಸಂಖ್ಯೆ ಹೊಡೆದು ದೊಡ್ಡಕ್ಷರದ ಜಿ ಒತ್ತಿದರೆ ಆ ಸಾಲಿಗೆ ಹೋಗುತ್ತದೆ, ಹೊರಬರಲು ಕ್ಯೂ.

ಎರರ್ ಮುಂದಿನ ಅಂಕಿಗೂ ಅರ್ಥವಿದೆ. ‘ಎರರ್ 1’ ಎಂದರೆ ಕಂಪೈಲರ್‌ನಂಥ ಒಂದು ಕಾರ್ಯಕ್ರಮವೇ ಸೋತಿದೆ. ‘ಎರರ್ 2’ ಎಂದರೆ ಸಾಮಾನ್ಯವಾಗಿ ಒಳಗಿನ ಇನ್ನೊಂದು ‘ಮೇಕ್’ ಸೋತಿದೆ, ಇನ್ನೂ ಮೇಲೆ ನೋಡಬೇಕು. ‘ಎರರ್ 127’ ಆದರೆ ಯಾವುದೋ ಕಮಾಂಡ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ, ಅದರ ಹೆಸರು ಮೇಲಿನ ಸಾಲಿನಲ್ಲಿರುತ್ತದೆ. ‘ಎರರ್ 126’ ಆದರೆ ಕಮಾಂಡ್ ಇದೆ, ಓಡಿಸುವ ಅನುಮತಿ ಇಲ್ಲ.

ನಾಲ್ಕು ಹಂತ, ನಾಲ್ಕು ಬಗೆಯ ತೊಂದರೆ

ಕಾನ್ಫಿಗರ್ ಹಂತದಲ್ಲಿ ಸ್ಕ್ರಿಪ್ಟ್ ನಿಮ್ಮ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ತಪಾಸಣೆ ಮಾಡುತ್ತದೆ. ಟೆಸರಾಕ್ಟ್‌ನಲ್ಲಿ ಹೆಚ್ಚಿನವರು ಮೊದಲು ಎಡವುವುದು ‘ಲೆಪ್ಟಾನಿಕಾ 1.74 ಅಥವಾ ಹೆಚ್ಚಿನದು ಬೇಕು’ ಎಂಬ ಅರ್ಥದ ಎರರ್‌ಗೆ. ‘ಲೆಪ್ಟಾನಿಕಾ ಹಾಕಿದ್ದೇನಲ್ಲ!’ ಎಂದು ಗೊಂದಲವಾಗುವುದು ಸಹಜ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಒಂದು ಲೈಬ್ರರಿಯನ್ನು (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು) ಎರಡು ಪ್ಯಾಕೇಜ್ ಮಾಡಿ ಇಡುತ್ತಾರೆ. ಓಡಿಸಲು ಬೇಕಾದ ಭಾಗ ಒಂದು. ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲುಗಳ ಭಾಗ ಇನ್ನೊಂದು, ಅದರ ಹೆಸರಿನ ಬಾಲದಲ್ಲಿ ‘-ಡೆವ್’ ಇರುತ್ತದೆ. ಫೆಡೋರಾದಲ್ಲಿ ಆ ಬಾಲ ‘-ಡೆವೆಲ್’. ಬಿಲ್ಡ್ ಮಾಡುವವರಿಗೆ ಎರಡನೆಯದು ಬೇಕು. ಬಂದಿದೆಯೇ ಎಂದು ‘ಪಿಕೆಜಿ-ಕಾನ್ಫಿಗ್ --ಮಾಡ್‌ವರ್ಶನ್ ಲೆಪ್ಟ್’ ಕೊಟ್ಟು ನೋಡಬಹುದು, ಇದ್ದರೆ ಆವೃತ್ತಿಯ ಸಂಖ್ಯೆ ಹೇಳುತ್ತದೆ. ಕಾನ್ಫಿಗರ್‌ನ ಎರರ್ ಅರ್ಥವಾಗದಿದ್ದರೆ ಅದೇ ಫೋಲ್ಡರ್‌ನ ‘ಕಾನ್ಫಿಗ್.ಲಾಗ್’ ತೆರೆಯಿರಿ. ಯಾವ ಪುಟ್ಟ ಪರೀಕ್ಷೆ ಓಡಿಸಿತು, ಕಂಪೈಲರ್ ಏನೆಂದಿತು ಎಂಬುದೆಲ್ಲ ಅಲ್ಲಿದೆ.

ಕಾನ್ಫಿಗರ್ ಸೋತದ್ದನ್ನು ಗಮನಿಸದೆ ‘ಮೇಕ್’ ಕೊಟ್ಟರೆ ‘ನೋ ಟಾರ್ಗೆಟ್ಸ್ ಸ್ಪೆಸಿಫೈಡ್ ಆ್ಯಂಡ್ ನೋ ಮೇಕ್‌ಫೈಲ್ ಫೌಂಡ್’ ಎಂದು ಬರುತ್ತದೆ. ಮೇಕ್‌ಫೈಲ್ ಬರೆಯುವುದೇ ಕಾನ್ಫಿಗರ್. ಅದು ಮುಗಿದಿಲ್ಲ, ಅಥವಾ ನೀವು ಬೇರೆ ಫೋಲ್ಡರ್‌ನಲ್ಲಿದ್ದೀರಿ. ಮೇಕ್‌ಫೈಲನ್ನು ನೀವೇ ಬರೆದಿದ್ದು ‘ಮಿಸ್ಸಿಂಗ್ ಸೆಪರೇಟರ್’ ಎಂದು ಬಂದರೆ, ಟ್ಯಾಬ್ ಇರಬೇಕಾದಲ್ಲಿ ಸ್ಪೇಸ್‌ಗಳಿವೆ.

ಎರಡನೆಯದು ಕಂಪೈಲ್. ಇಲ್ಲಿನ ಸಾಮಾನ್ಯ ದೂರು ‘ಫೇಟಲ್ ಎರರ್: ಝಡ್‌ಲಿಬ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’. ‘.ಎಚ್’ ಎಂದು ಮುಗಿಯುವ ಹೆಸರು ಸಿಗಲಿಲ್ಲ ಎಂದರೆ ಯಾವುದೋ ‘-ಡೆವ್’ ಪ್ಯಾಕೇಜ್ ಬಾಕಿ ಇದೆ. ಯಾವುದು ಎಂದು ಊಹಿಸುತ್ತ ಕೂರಬೇಡಿ. ‘ಆ್ಯಪ್ಟ್-ಫೈಲ್’ ಎಂಬ ಸಾಧನವನ್ನು ಹಾಕಿಕೊಂಡು, ‘ಸುಡೊ ಆ್ಯಪ್ಟ್-ಫೈಲ್ ಅಪ್‌ಡೇಟ್’ ಕೊಟ್ಟು, ಆಮೇಲೆ ‘ಆ್ಯಪ್ಟ್-ಫೈಲ್ ಸರ್ಚ್’ ಮುಂದೆ ಹೆಡರ್‌ನ ಹೆಸರು ಹಾಕಿದರೆ ಯಾವ ಪ್ಯಾಕೇಜ್‌ನಲ್ಲಿದೆ ಎಂದು ಹೇಳುತ್ತದೆ. ಪದೇ ಪದೇ ಬರುವ ಕೆಲವು ಹೀಗಿವೆ. ಝಡ್‌ಲಿಬ್‌ಗೆ ‘ಝಡ್‌ಲಿಬ್1ಜಿ-ಡೆವ್’, ಅದರಲ್ಲಿ ಲಿಬ್ ಆದಮೇಲೆ ಇರುವುದು ಒಂದು ಎಂಬ ಅಂಕಿ, ಎಲ್ ಅಕ್ಷರವಲ್ಲ. ಓಪನ್‌ಎಸ್‌ಎಸ್‌ಎಲ್ ಹೆಡರ್‌ಗಳಿಗೆ ‘ಲಿಬ್‌ಎಸ್‌ಎಸ್‌ಎಲ್-ಡೆವ್’. ಪೈಥಾನ್.ಎಚ್ ಸಿಗದಿದ್ದರೆ ‘ಪೈಥಾನ್3-ಡೆವ್’, ಪೈಥಾನ್ ಪ್ಯಾಕೇಜ್‌ಗಳ ಸಾಧನವಾದ ಪಿಪ್‌ನಲ್ಲಿ ಏನಾದರೂ ಹಾಕುವಾಗ ಬಿಲ್ಡ್ ಮುರಿಯಲು ಇದು ಬಲು ಸಾಮಾನ್ಯ ಕಾರಣ.

ಮೂರನೆಯದು ಲಿಂಕ್, ಕಂಪೈಲ್ ಆದ ತುಂಡುಗಳನ್ನು ಲೈಬ್ರರಿಗಳೊಂದಿಗೆ ಜೋಡಿಸುವ ಹಂತ. ಕಂಪೈಲ್‌ಗೂ ಲಿಂಕ್‌ಗೂ ಇರುವ ವ್ಯತ್ಯಾಸವನ್ನು ಯಕ್ಷಗಾನ ಬಲ್ಲವರು ಬೇಗ ಹಿಡಿಯುತ್ತಾರೆ. ಹೆಡರ್ ಎಂದರೆ ಆಟದ ಕರಪತ್ರ: ಯಾರು ಯಾವ ವೇಷ ಎಂದು ಹೆಸರು ಇದೆ. ಕಂಪೈಲರ್‌ಗೆ ಕರಪತ್ರ ಸಾಕು, ಹೆಸರು ಸರಿಯಿದ್ದರೆ ಮುಂದೆ ಹೋಗುತ್ತದೆ. ಲಿಂಕರ್ ಚೌಕಿಗೆ (ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಕೋಣೆಗೆ) ಹೋಗಿ ಆ ಹೆಸರಿನ ವೇಷಧಾರಿ ನಿಜಕ್ಕೂ ಬಂದಿದ್ದಾನೆಯೇ ಎಂದು ಕೇಳುತ್ತದೆ. ಕರಪತ್ರದಲ್ಲಿ ಹೆಸರಿದ್ದು ಚೌಕಿಯಲ್ಲಿ ಆಳಿಲ್ಲದಿದ್ದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಎರರ್. ಆದ್ದರಿಂದ ಈ ಎರರ್ ಬಂದಾಗ ಹೆಡರ್‌ಗಳನ್ನು ತಡಕಾಡಿ ಪ್ರಯೋಜನವಿಲ್ಲ, ಲೈಬ್ರರಿಯ ಹೆಸರನ್ನು ಲಿಂಕರ್‌ಗೆ ಹೇಳಿದ್ದೇವೆಯೇ ಎಂದು ನೋಡಬೇಕು. ಸಿ ಭಾಷೆಯಲ್ಲಿ ಗಣಿತದ ‘ಪವ್’ ಫಂಕ್ಷನ್ ಬಳಸಿ ‘-ಎಲ್‌ಎಂ’ ಮರೆಯುವುದು ಇದರ ಹಳೆಯ ಉದಾಹರಣೆ.

ಹೇಳಿದ್ದರೂ ಸೋಲುವುದುಂಟು, ಅಲ್ಲಿ ತಪ್ಪಿರುವುದು ಸರದಿ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಲೈಬ್ರರಿ ಎದುರಾದಾಗ ಅಲ್ಲಿಯವರೆಗೆ ಬಾಕಿಯಿರುವ ಹೆಸರುಗಳನ್ನಷ್ಟೇ ಅದರಲ್ಲಿ ಹುಡುಕಿ ಮುಂದೆ ಹೋಗುತ್ತದೆ, ಸಾಮಾನ್ಯವಾಗಿ ಹಿಂದೆ ತಿರುಗಿ ನೋಡುವುದಿಲ್ಲ. ‘ಜಿಸಿಸಿ -ಎಲ್‌ಎಂ ಲೆಕ್ಕ.ಸಿ’ ಎಂದು ಬರೆದರೆ ಲೈಬ್ರರಿ ಬರುವ ಹೊತ್ತಿಗೆ ಕೇಳುವವರೇ ಇಲ್ಲ. ‘ಜಿಸಿಸಿ ಲೆಕ್ಕ.ಸಿ -ಎಲ್‌ಎಂ’ ಸರಿ. ಬೇಡುವ ಫೈಲ್ ಎಡಕ್ಕೆ, ಕೊಡುವ ಲೈಬ್ರರಿ ಬಲಕ್ಕೆ. ಇನ್ನೊಂದು ಎರರ್ ‘ಕೆನಾಟ್ ಫೈಂಡ್ -ಎಲ್...’ ಎಂದು ಬರುತ್ತದೆ, ಲೈಬ್ರರಿಯ ಹೆಸರು ಹೇಳಿದ್ದೀರಿ ಆದರೆ ಅದರ ಫೈಲೇ ಸಿಗಲಿಲ್ಲ ಎಂದು. ಅದಕ್ಕೂ ಬಹುತೇಕ ‘-ಡೆವ್’ ಪ್ಯಾಕೇಜೇ ಮದ್ದು. ಲಿಂಕ್ ಹಂತದಲ್ಲಿ ಗ್ರೆಪ್ ತೋರಿಸುವ ಮೊದಲ ಸಾಲು ‘ಕಲೆಕ್ಟ್2: ಎರರ್’ ಎಂದಿರಬಹುದು. ಕಾರಣ ಅದರ ಮೇಲಿನ ಸಾಲುಗಳಲ್ಲಿ ಇರುತ್ತದೆ.

ನಾಲ್ಕನೆಯದು ಓಡಿಸುವ ಹಂತ. ಬಿಲ್ಡ್ ಮುಗಿಯಿತು, ಇನ್‌ಸ್ಟಾಲ್ ಆಯಿತು, ‘ಟೆಸರಾಕ್ಟ್ --ವರ್ಶನ್’ ಕೊಟ್ಟರೆ ‘ಲಿಬ್‌ಟೆಸರಾಕ್ಟ್.ಎಸ್‌ಓ.5: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್’ ಎನ್ನುತ್ತದೆ. ಚೌಕಿಯಲ್ಲಿ ಹಾಜರಿ ಕೊಟ್ಟ ವೇಷಧಾರಿ ರಂಗಸ್ಥಳಕ್ಕೆ ಕರೆದಾಗ ಎಲ್ಲಿದ್ದಾನೆಂದು ಕರೆಯುವವರಿಗೆ ಗೊತ್ತಿಲ್ಲ, ಅಷ್ಟೇ. ಲೈಬ್ರರಿ ‘/ಯುಎಸ್‌ಆರ್/ಲೋಕಲ್/ಲಿಬ್’ನಲ್ಲಿ ಕೂತಿದೆ, ಲಿನಕ್ಸ್ ತನ್ನ ಲೈಬ್ರರಿಗಳ ಪಟ್ಟಿಯನ್ನು ಇನ್ನೂ ನವೀಕರಿಸಿಲ್ಲ. ‘ಸುಡೊ ಎಲ್‌ಡಿಕಾನ್ಫಿಗ್’ ಮಾಡುವುದು ಅದನ್ನೇ. ಯಾವ ಯಾವ ಲೈಬ್ರರಿ ಸಿಗುತ್ತಿಲ್ಲ ಎಂದು ನೋಡಲು ‘ಎಲ್‌ಡಿಡಿ’ ಕಮಾಂಡಿಗೆ ಕಾರ್ಯಕ್ರಮದ ಪೂರ್ತಿ ದಾರಿ ಕೊಡಿ, ‘ನಾಟ್ ಫೌಂಡ್’ ಎಂದು ಇರುವ ಸಾಲುಗಳನ್ನು ಗಮನಿಸಿ.

ಎರಡು ಟೆಸರಾಕ್ಟ್ ಇದ್ದಾಗ

ಆ್ಯಪ್ಟ್‌ನಲ್ಲಿ ಒಮ್ಮೆ ಹಾಕಿ, ಆಮೇಲೆ ಸೋರ್ಸ್‌ನಿಂದಲೂ ಕಟ್ಟಿದರೆ ಎರಡು ಪ್ರತಿಗಳಾಗುತ್ತವೆ: ‘/ಯುಎಸ್‌ಆರ್/ಬಿನ್’ನಲ್ಲಿ ಒಂದು, ‘/ಯುಎಸ್‌ಆರ್/ಲೋಕಲ್/ಬಿನ್’ನಲ್ಲಿ ಇನ್ನೊಂದು. ‘ಟೈಪ್ -ಎ ಟೆಸರಾಕ್ಟ್’ ಎರಡನ್ನೂ ಸರದಿಯಲ್ಲಿ ತೋರಿಸುತ್ತದೆ, ಓಡುವುದು ಮೊದಲನೆಯದು. ಹೊಸದನ್ನು ಹಾಕಿದ ಮೇಲೂ ಅದೇ ಟರ್ಮಿನಲ್‌ನಲ್ಲಿ ಹಳೆಯದೇ ಓಡುತ್ತಿದ್ದರೆ ಬ್ಯಾಶ್ ಹಳೆಯ ದಾರಿಯನ್ನು ನೆನಪಿಟ್ಟುಕೊಂಡಿದೆ ಎಂದರ್ಥ, ಬ್ಯಾಶ್ ಎಂಬುದು ನೀವು ಬಳಸುತ್ತಿರುವ ಶೆಲ್‌ನ ಹೆಸರು. ‘ಹ್ಯಾಶ್ -ಆರ್’ ಕೊಟ್ಟರೆ ಮರೆಯುತ್ತದೆ.

ದತ್ತಾಂಶವೂ ಬೇರೆ ಬೇರೆ. ನೀವು ಕಟ್ಟಿದ ಪ್ರತಿ ಕನ್ನಡದ ಫೈಲನ್ನು ‘/ಯುಎಸ್‌ಆರ್/ಲೋಕಲ್/ಶೇರ್/ಟೆಸ್‌ಡೇಟಾ’ದಲ್ಲಿ ಹುಡುಕುತ್ತದೆ, ಆ್ಯಪ್ಟ್ ತಂದದ್ದು ಇನ್ನೊಂದು ಕಡೆ ಇದೆ. ‘ಎರರ್ ಓಪನಿಂಗ್ ಡೇಟಾ ಫೈಲ್’ ಎಂದು ಬಂದರೆ ಕಾರಣ ಇದು. ಕನ್ನಡದ ಫೈಲಿನ ಹೆಸರು ‘ಕೆಎಎನ್.ಟ್ರೇನ್ಡ್‌ಡೇಟಾ’. ಅದನ್ನು ಮೇಲಿನ ಫೋಲ್ಡರ್‌ಗೆ ಸುಡೊ ಬಳಸಿ ನಕಲಿಸಿ. ಬ್ರೌಸರ್‌ನಿಂದ ಇಳಿಸುವಾಗ ಇನ್ನೊಂದು ಬಲೆ ಇದೆ: ಫೈಲಿನ ಬದಲು ಅದನ್ನು ತೋರಿಸುವ ಪುಟವನ್ನೇ ಉಳಿಸಿಕೊಂಡಿರುತ್ತೇವೆ. ಹೆಸರು ಸರಿ, ಒಳಗಿರುವುದು ಎಚ್‌ಟಿಎಂಎಲ್. ‘ಫೈಲ್ ಕೆಎಎನ್.ಟ್ರೇನ್ಡ್‌ಡೇಟಾ’ ಎಂಬ ಕಮಾಂಡ್ ‘ಎಚ್‌ಟಿಎಂಎಲ್ ಡಾಕ್ಯುಮೆಂಟ್’ ಎಂದರೆ ‘ರಾ’ ಅಥವಾ ‘ಡೌನ್‌ಲೋಡ್’ ಗುಂಡಿ ಒತ್ತಿ ಮತ್ತೆ ಇಳಿಸಿ.

ಮಳೆಗಾಲ, ಸಣ್ಣ ಮೆಮೊರಿ, ತಪ್ಪು ಗಡಿಯಾರ

ಕೋಡಿನಲ್ಲಿ ಯಾವ ತಪ್ಪೂ ಇಲ್ಲದೆ ಮುರಿಯುವ ಬಿಲ್ಡ್‌ಗಳೂ ಇವೆ. ನಮ್ಮ ಕಡೆ ಜೂನ್ ಬಂತೆಂದರೆ ಸಿಡಿಲಿಗೆ ಕರೆಂಟ್ ಹೋಗುವುದು ಮಾಮೂಲು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಬಿಲ್ಡ್‌ನ ನಡುವೆ ಆರಿಹೋಗುತ್ತದೆ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೆ ಅರ್ಧ ಬರೆದ ಫೈಲನ್ನು ಅಳಿಸಲು ‘ಮೇಕ್’ಗೆ ಅವಕಾಶ ಸಿಗುತ್ತದೆ. ಕರೆಂಟ್ ಹೋದಾಗ ಅದು ಸಿಗುವುದಿಲ್ಲ. ಬರೆದದ್ದು ಡಿಸ್ಕ್‌ಗೆ ಇಳಿಯುವ ಮುನ್ನವೇ ಎಲ್ಲ ನಿಂತು, ಹೆಸರು ಇದ್ದು ಒಳಗೆ ಏನೂ ಇಲ್ಲದ ‘.ಓ’ ಫೈಲುಗಳು (ಕಂಪೈಲ್ ಆದ ತುಂಡುಗಳು) ಉಳಿಯುತ್ತವೆ. ‘ಮೇಕ್’ ನೋಡುವುದು ಫೈಲಿನ ಸಮಯವನ್ನು ಮಾತ್ರ. ಸೋರ್ಸ್‌ಗಿಂತ ಹೊಸದಾಗಿದೆ, ಆದ್ದರಿಂದ ಆಗಿದೆ ಎಂದು ಬಿಟ್ಟುಬಿಡುತ್ತದೆ. ಕೊನೆಗೆ ಲಿಂಕ್ ಮಾಡುವಾಗ ‘ಫೈಲ್ ನಾಟ್ ರೆಕಗ್ನೈಸ್ಡ್: ಫೈಲ್ ಟ್ರಂಕೇಟೆಡ್’ ಎಂಬ ಎರರ್. ‘ಮೇಕ್ ಕ್ಲೀನ್’ ಕೊಟ್ಟು ಮೊದಲಿಂದ ಕಟ್ಟಿದರೆ ಸರಿ. ದೊಡ್ಡ ಬಿಲ್ಡ್ ಆಗಿದ್ದು ಅಷ್ಟು ಹೊತ್ತಿಲ್ಲದಿದ್ದರೆ ‘ಫೈಂಡ್ . -ನೇಮ್ "*.ಓ" -ಸೈಜ್ 0’ ಎಂದು ಖಾಲಿ ಫೈಲುಗಳನ್ನು ಹುಡುಕಿ ಅಷ್ಟನ್ನೇ ಅಳಿಸಬಹುದು, ಆದರೆ ಅರ್ಧ ತುಂಬಿದವು ಇದರಲ್ಲಿ ಸಿಗುವುದಿಲ್ಲ. ಪ್ಯಾಕೇಜ್ ಹಾಕುವಾಗಲೇ ಕರೆಂಟ್ ಹೋಗಿದ್ದರೆ ಮುಂದಿನ ಸಲ ಆ್ಯಪ್ಟ್ ತಾನೇ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಓಡಿಸಲು ಹೇಳುತ್ತದೆ. ಹೇಳಿದಂತೆ ಮಾಡಿ.

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ನಿನ್ನೆಯ ಫೈಲುಗಳು ಈಗ ಭವಿಷ್ಯದವು. ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಎಂಬ ಎಚ್ಚರಿಕೆ ಬರುವುದು ಇದಕ್ಕೇ. ಸರ್ಟಿಫಿಕೇಟ್‌ಗಳು ಇನ್ನೂ ಜಾರಿಗೆ ಬಂದಿಲ್ಲವೆಂದು ಗಿಟ್ ಕೂಡ ಕೆಲಸ ಮಾಡುವುದಿಲ್ಲ. ‘ಡೇಟ್’ ಕೊಟ್ಟು ದಿನಾಂಕ ನೋಡಿ, ‘ಟೈಮ್‌ಡೇಟ್‌ಸಿಟಿಎಲ್’ನಿಂದ ಸರಿಪಡಿಸಿ, ಬ್ಯಾಟರಿ ಬದಲಿಸಿ. ಹೆಚ್ಚಿನ ಮದರ್‌ಬೋರ್ಡ್‌ಗಳಿಗೆ ಸಿಆರ್2032 ಸಂಖ್ಯೆಯದು ಹೊಂದುತ್ತದೆ.

ಮೆಮೊರಿ ಸಾಲದಿದ್ದರೆ ಬರುವ ಎರರ್ ‘ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್’. ಸಿ++ ಕಂಪೈಲರ್‌ನ ಒಂದೊಂದು ಪ್ರತಿ ಕೆಲವು ನೂರು ಎಂಬಿಯಿಂದ ಒಂದು ಜಿಬಿಗೂ ಮೇಲೆ ನುಂಗಬಹುದು. 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ತೆರೆದಿಟ್ಟು ‘ಮೇಕ್ -ಜೆ8’ ಕೊಟ್ಟರೆ ಲಿನಕ್ಸ್‌ನ ತಿರುಳಾದ ಕರ್ನಲ್ ಓಡುತ್ತಿರುವ ಯಾವುದಾದರೂ ಕಾರ್ಯಕ್ರಮವನ್ನು ಕೊಲ್ಲಲೇಬೇಕು. ‘ಸುಡೊ ಡಿಮೆಸ್ಗ್ | ಗ್ರೆಪ್ -ಐ ಕಿಲ್ಡ್’ ಖಚಿತಪಡಿಸುತ್ತದೆ. ಎರಡು ಜಿಬಿಗೆ ಒಂದು ಕೆಲಸ ಎಂಬ ಲೆಕ್ಕ ಹಿಡಿದು ‘-ಜೆ2’ ಕೊಡಿ. ಅದಕ್ಕೂ ಸಾಲದಿದ್ದರೆ ಸ್ವ್ಯಾಪ್ ಫೈಲ್ (ಡಿಸ್ಕ್‌ನ ಜಾಗವನ್ನು ಮೆಮೊರಿಯಂತೆ ಬಳಸುವ ಫೈಲ್) ಸೇರಿಸಿ: ‘ಫಾಲೋಕೇಟ್ -ಎಲ್ 4ಜಿ /ಸ್ವ್ಯಾಪ್‌ಫೈಲ್2’, ಆಮೇಲೆ ಅದೇ ಫೈಲಿಗೆ ‘ಸಿಎಚ್‌ಮಾಡ್ 600’, ‘ಎಂಕೆಸ್ವ್ಯಾಪ್’, ‘ಸ್ವ್ಯಾಪ್‌ಆನ್’, ನಾಲ್ಕಕ್ಕೂ ಮುಂದೆ ಸುಡೊ. ನಿಧಾನವಾದರೂ ಮುಗಿಯುತ್ತದೆ. ಡಿಸ್ಕ್ ತುಂಬಿದೆಯೇ ಎಂಬುದನ್ನು ‘ಡಿಎಫ್ -ಎಚ್’ ಹೇಳುತ್ತದೆ.

ವಿಂಡೋಸ್‌ನಲ್ಲಿ ತಿದ್ದಿ ತಂದ ಸ್ಕ್ರಿಪ್ಟ್ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದರೆ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಅಕ್ಷರ ಉಳಿದಿದೆ. ‘ಡಾಸ್2ಯೂನಿಕ್ಸ್’ ಅದನ್ನು ತೆಗೆಯುತ್ತದೆ.

ಇಷ್ಟಾದರೂ ಸಿಕ್ಕಿಬಿದ್ದು ಯಾರನ್ನಾದರೂ ಕೇಳುವಾಗ ಫೋಟೊ ಬೇಡ, ಪಠ್ಯವನ್ನೇ ಕಳಿಸಿ. ಕೊಟ್ಟ ಕಮಾಂಡ್, ಮೊದಲ ಎರರ್ ಮತ್ತು ಅದರ ಹಿಂದಿನ ಹತ್ತು ಸಾಲು, ‘ಕ್ಯಾಟ್ /ಇಟಿಸಿ/ಓಎಸ್-ರಿಲೀಸ್’ ತೋರಿಸುವ ಆವೃತ್ತಿ, ‘ಜಿ++ --ವರ್ಶನ್’. ಇವಿಷ್ಟು ಇದ್ದರೆ ತಿಳಿದವರಿಗೆ ಉತ್ತರ ಹೇಳಲು ಹೆಚ್ಚು ಹೊತ್ತು ಬೇಡ.

ಎಲ್ಲ ಸರಿಯಾದ ಮೇಲೆ, 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದ ಒಂದು ಪುಟದ ಮೇಲೆ ‘ಟೆಸರಾಕ್ಟ್ ಪುಟ.ಪಿಎನ್‌ಜಿ ಫಲ -ಎಲ್ ಕೆಎಎನ್ --ಪಿಎಸ್‌ಎಂ 6’ ಓಡಿಸಿ ನೋಡಿ. ಪಠ್ಯ ‘ಫಲ.ಟಿಎಕ್ಸ್‌ಟಿ’ ಎಂಬ ಫೈಲಿಗೆ ಬರುತ್ತದೆ. 6 ಎಂದರೆ ಇಡೀ ಪುಟ ಒಂದೇ ಪಠ್ಯದ ತುಂಡು ಎಂದು ಭಾವಿಸು ಎಂದರ್ಥ, ಪ್ರಸಂಗದ ಪದ್ಯಗಳಿಗೆ ಇದರಿಂದ ಶುರು ಮಾಡಬಹುದು. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು ಪುಸ್ತಕಗಳನ್ನೂ ಓದಿಸಬಹುದು, ಆದರೆ ತರಬೇತಿ ಆಗಿರುವುದು ಕನ್ನಡ ಪದಗಳ ಮೇಲೆ. ಪದದ ಕೊನೆಯ ಅರ್ಧ ಉಕಾರಕ್ಕೆ ಹಾಕುವ ಹಲಂತ ಚಿಹ್ನೆಯನ್ನು ಕೈಯಾರೆ ಪರಿಶೀಲಿಸಬೇಕು. ಸೋರ್ಸ್ ಫೋಲ್ಡರನ್ನು ಮಾತ್ರ ಅಳಿಸಬೇಡಿ: ನೀವು ಕಟ್ಟಿ ಹಾಕಿದ್ದು ಆ್ಯಪ್ಟ್‌ಗೆ ಗೊತ್ತಿಲ್ಲ, ಮುಂದೆ ತೆಗೆಯಬೇಕಾದರೆ ‘ಸುಡೊ ಮೇಕ್ ಅನ್‌ಇನ್‌ಸ್ಟಾಲ್’ ಕೊಡಬೇಕಾದದ್ದು ಆ ಫೋಲ್ಡರ್‌ನ ಒಳಗಿಂದಲೇ.